ಹತ್ತನೇ ಸಲವೂ ಹೋಗಬೇಕೆನಿಸುವ ಹೋಟೆಲ್: ಬಡಾವಣೆಯಲ್ಲಿ ಹೊರಗೆ ಊಟ ಮಾಡುವವರಿಗೆ ಒಂದು ಹೋಲಿಕೆ

ಊರ ನಡುವೆ ಮನೆ ಇದ್ದಾಗ ಹೊರಗೆ ಊಟ ಅಂದರೆ ಒಂದು ಬೀದಿ ನಡೆದರೆ ಸಾಕಿತ್ತು. ಒಂದು ಕಡೆ ಜನ ಜಾಸ್ತಿ ಇದ್ದರೆ ಪಕ್ಕದ ಬಾಗಿಲು, ಅಲ್ಲೂ ಜಾಗ ಇಲ್ಲದಿದ್ದರೆ ಎದುರಿನದು. ಊರ ಹೊರಗಿನ ಬಡಾವಣೆಗೆ ಬಂದ ಮೇಲೆ ಹಾಗಲ್ಲ. ಇಲ್ಲಿ ಇರುವುದೇ ಏಳೆಂಟು ಹೋಟೆಲ್. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಗಾಡಿ ತೆಗೆಯಬೇಕು. ಹಸಿದ ಮಕ್ಕಳನ್ನು ಕರೆದುಕೊಂಡು ಹೋಗಿ, ಬಾಗಿಲು ಹಾಕಿದೆ ಅಂತ ಗೊತ್ತಾದರೆ ಆ ಸಂಜೆಯ ಕಥೆ ಅಲ್ಲಿಗೇ ಮುಗಿಯಿತು.

ಹೋಟೆಲ್ ಕಮ್ಮಿ ಇರುವ ಕಡೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುತ್ತೇವೆ. ಹಾಗಾಗಿ ನಾನು ಒಂದೇ ಅಳತೆ ಇಟ್ಟುಕೊಂಡಿದ್ದೇನೆ. ಇಲ್ಲಿಗೆ ಹತ್ತನೇ ಸಲ ಬಂದಾಗಲೂ ಮನಸ್ಸಿಗೆ ಹಿತ ಅನಿಸುತ್ತದಾ? ಮೊದಲ ಸಲದ ಊಟ ಎಲ್ಲ ಕಡೆಯೂ ಚೆನ್ನಾಗಿಯೇ ಇರುತ್ತದೆ. ಹೊಸ ದೀಪ, ಹೊಸ ಮೆನು, ನಾವೂ ಹುರುಪಿನಲ್ಲಿರುತ್ತೇವೆ. ಹತ್ತನೇ ಸಲ ಹೋಗುವುದು ಮಾತ್ರ ಕೆಲಸದಿಂದ ಸುಸ್ತಾಗಿ ಬಂದ ಒಂದು ಮಂಗಳವಾರ. ಅವತ್ತು ಯಾವ ಹೋಟೆಲ್ ನೆನಪಾಗುತ್ತದೆ ಅನ್ನುವುದನ್ನು ಇಟ್ಟುಕೊಂಡು ಕೆಳಗಿನ ಹೋಲಿಕೆ ಮಾಡಿದ್ದೇನೆ.

ಚೈನ್ ಹೋಟೆಲ್ ಅಥವಾ ಮನೆಯವರೇ ನಡೆಸುವ ಹೋಟೆಲ್

ಬಡಾವಣೆಯಲ್ಲಿ ಇರುವ ದೊಡ್ಡ ಆಯ್ಕೆ ಇದೇ. ಚೈನ್ ಅಂದರೆ ಒಂದೇ ಹೆಸರಿನಲ್ಲಿ ಊರೂರಲ್ಲಿ ಶಾಖೆ ಇರುವ ಹೋಟೆಲ್; ಅದಕ್ಕೂ ಬಡಾವಣೆಗೂ ಹಳೆಯ ನಂಟು. ಅಮೆರಿಕದ ಹೋಟೆಲ್ ಉದ್ಯಮಿ ರೇ ಕ್ರಾಕ್ 1955ರಲ್ಲಿ ತನ್ನ ಮೊದಲ ಮೆಕ್‌ಡೊನಾಲ್ಡ್ಸ್ ತೆರೆದದ್ದು ಶಿಕಾಗೋದ ನಡುವೆ ಅಲ್ಲ, ಆ ನಗರದ ಹೊರವಲಯದ ಡೆಸ್ ಪ್ಲೇನ್ಸ್‌ನಲ್ಲಿ. ಕಾರಿನಲ್ಲಿ ಬರುವ ಕುಟುಂಬ, ನಿಲ್ಲಿಸಲು ಜಾಗ, ಬೇಗ ಸಿಗುವ ಊಟ, ಯಾವಾಗ ಬಂದರೂ ಅದೇ ರುಚಿ. ಇವತ್ತಿಗೂ ಚೈನ್‌ಗಳು ಕೊಡುವ ಭರವಸೆ ಅದೇ, ಮತ್ತು ಬಹುಪಾಲು ಉಳಿಸಿಕೊಳ್ಳುತ್ತವೆ.

ಈ ಭರವಸೆಯನ್ನು ಕಡೆಗಣಿಸಬೇಡಿ. ಹೊರಗೆ ಊಟ ಅಂದರೆ ರುಚಿ ಒಂದೇ ಅಲ್ಲ. ಶೌಚಾಲಯ ಸ್ವಚ್ಛವಾಗಿರುತ್ತದೆ, ಮಗುವಿಗೆ ಎತ್ತರದ ಕುರ್ಚಿ ಸಿಗುತ್ತದೆ, ಗಾಲಿಕುರ್ಚಿ ಒಳಗೆ ಹೋಗುವಷ್ಟು ಬಾಗಿಲು ಅಗಲ ಇರುತ್ತದೆ. ಸಣ್ಣ ಮಕ್ಕಳಿರುವವರಿಗೆ, ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಇವು ಸಣ್ಣ ವಿಷಯ ಅಲ್ಲ. ಇನ್ನೊಂದು ಅನುಕೂಲವೂ ಇದೆ. ಒಂದೇ ಅಳತೆಯಲ್ಲಿ ಮಾಡುವುದರಿಂದ ತಟ್ಟೆಯಲ್ಲಿ ಎಷ್ಟು ಕ್ಯಾಲೊರಿ ಇದೆ ಅಂತ ಚೈನ್‌ನವರು ಹೇಳಬಲ್ಲರು. ಅಮೆರಿಕದಲ್ಲಿ 20 ಅಥವಾ ಅದಕ್ಕಿಂತ ಜಾಸ್ತಿ ಶಾಖೆ ಇರುವ ಚೈನ್‌ಗಳು 2018ರ ಮೇ ತಿಂಗಳಿಂದ ಮೆನುವಿನಲ್ಲೇ ಕ್ಯಾಲೊರಿ ಬರೆಯಲೇಬೇಕು. ಇಂಗ್ಲೆಂಡ್‌ನಲ್ಲಿ 2022ರ ಏಪ್ರಿಲ್‌ನಿಂದ 250 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಡೆ ಇಂಥದ್ದೇ ನಿಯಮ. ಸಕ್ಕರೆ ಕಾಯಿಲೆ ಇರುವವರಿಗೆ, ತೂಕ ಇಳಿಸಬೇಕಾದವರಿಗೆ ಈ ಅಂಕಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಸಣ್ಣ ಹೋಟೆಲಿನಲ್ಲಿ ಇದನ್ನು ಕೇಳಿದರೆ ಅವರಿಗೂ ಗೊತ್ತಿರುವುದಿಲ್ಲ, ಪಾಪ.

ಆದರೆ ಹತ್ತನೇ ಸಲದ ಅಳತೆ ಹಿಡಿದರೆ ಚೈನ್ ಸೋಲುತ್ತದೆ. ಮೊದಲನೇ ಸಲ ಎಷ್ಟು ಚೆನ್ನಾಗಿತ್ತೋ ಹತ್ತನೇ ಸಲವೂ ಅಷ್ಟೇ. ಅವರು ನಿಮ್ಮಿಂದ ಏನನ್ನೂ ಕಲಿಯುವುದಿಲ್ಲ. ಖಾರ ಕಮ್ಮಿ ಮಾಡಿ ಅಂದರೆ ಆಗುವುದಿಲ್ಲ, ಯಾಕೆಂದರೆ ಅದು ಬೇರೆಲ್ಲೋ ದೊಡ್ಡ ಅಡುಗೆಮನೆಯಲ್ಲಿ ತಯಾರಾಗಿ ಪ್ಯಾಕೆಟ್‌ನಲ್ಲಿ ಬಂದಿರುತ್ತದೆ.

ಮನೆಯವರೇ ನಡೆಸುವ ಹೋಟೆಲಿನಲ್ಲಿ ಇದು ತಿರುವುಮುರುವು. ಮೊದಲ ಸಲ ಏನಾದರೂ ಒಂದು ಎಡವಟ್ಟು ಆಗಬಹುದು. ಒಂದು ಐಟಂ ಮುಗಿದಿರುತ್ತದೆ, ಇನ್ನೊಂದು ತಡ. ಮೂರನೇ ಸಲ ಹೋದಾಗ ಮುಖ ಗುರುತು ಹಿಡಿಯುತ್ತಾರೆ. ಐದನೇ ಸಲಕ್ಕೆ ಮಗುವಿಗೆ ಖಾರ ಇಲ್ಲದ್ದು ಕೇಳದೆಯೇ ಬರುತ್ತದೆ. ಹೊರಗಿನ ಊಟದ ನಿಜವಾದ ಸುಖ ನನಗೆ ಕಂಡದ್ದು ಇಲ್ಲಿ.

ಹಾಗಂತ ಸಣ್ಣದೆಲ್ಲ ಒಳ್ಳೆಯದು ಅಂತಲ್ಲ. ಕೂತ ತಕ್ಷಣ ಎರಡು ವಿಷಯ ನೋಡಿ. ಮೊದಲನೆಯದು ಮೆನು ಎಷ್ಟು ಉದ್ದ ಇದೆ ಅನ್ನುವುದು. ಹನ್ನೆರಡು ಟೇಬಲ್, ಒಳಗೆ ಇಬ್ಬರು ಅಡುಗೆಯವರು, ಮೆನುವಿನಲ್ಲಿ ನೂರೈವತ್ತು ಐಟಂ. ಲೆಕ್ಕ ಹಾಕಿ ನೋಡಿ, ಅಷ್ಟನ್ನೂ ತಾಜಾ ಆಗಿ ಮಾಡಲು ಸಾಧ್ಯವೇ ಇಲ್ಲ. ಬಹಳಷ್ಟು ಮೊದಲೇ ಮಾಡಿ ಫ್ರೀಜರ್‌ನಲ್ಲಿಟ್ಟದ್ದೇ ಆಗಿರಬೇಕು. ನಾವು ತುಂಬ ಸಲ ಹೋಗುವ ಹೋಟೆಲಿನ ಮೆನು ಕಾರ್ಡ್‌ನಲ್ಲಿ ನಾಲ್ಕು ಸಾಲಿನ ಮೇಲೆ ಬಿಳಿ ಟೇಪ್ ಅಂಟಿಸಿದ್ದಾರೆ. ಬೆಳಕಿಗೆ ಹಿಡಿದರೆ ಕೆಳಗಿನ ಅಕ್ಷರ ಈಗಲೂ ಮಸುಕಾಗಿ ಕಾಣುತ್ತದೆ. ಯಾಕೆ ತೆಗೆದಿರಿ ಅಂತ ಒಂದು ದಿನ ಕೇಳಿದೆ. "ಅದನ್ನು ಮಾಡುತ್ತಿದ್ದವರು ಬಿಟ್ಟು ಹೋದರು, ಈಗ ನಮ್ಮ ಕೈಲಿ ಆ ರುಚಿ ಬರಲ್ಲ" ಅಂದರು ಗಲ್ಲಾದಲ್ಲಿ ಕೂತಿದ್ದ ಅಮ್ಮ. ಆ ಟೇಪ್ ನೋಡಿದ ಮೇಲೆ ಉಳಿದ ಐಟಂಗಳ ಮೇಲೆ ನನಗೆ ನಂಬಿಕೆ ಬಂತು.

ಎರಡನೆಯದು, "ಇವತ್ತು ಯಾವುದು ಚೆನ್ನಾಗಿದೆ?" ಅಂತ ಕೇಳಿ ನೋಡುವುದು. "ಎಲ್ಲಾ ಚೆನ್ನಾಗಿದೆ ಸಾರ್" ಅಂದರೆ ನಿಮಗೇನೂ ತಿಳಿಯಲಿಲ್ಲ. ಒಂದು ಐಟಂ ಹೆಸರು ಹೇಳಿ, ಇನ್ನೊಂದನ್ನು "ಇವತ್ತು ಬೇಡ" ಅನ್ನುವ ಸಪ್ಲೈಯರ್ ಸಿಕ್ಕರೆ ಆ ಹೋಟೆಲನ್ನು ಬಿಡಬೇಡಿ.

ಆ್ಯಪ್‌ನ ನಕ್ಷತ್ರ ಎಷ್ಟು ನಂಬಬೇಕು

ಚೈನ್‌ಗೆ ಹೋಗುವಾಗ ನಕ್ಷತ್ರ ನೋಡುವ ಅಗತ್ಯವೇ ಇಲ್ಲ. ಅಲ್ಲಿ ಏನು ಸಿಗುತ್ತದೆ ಅಂತ ಆಗಲೇ ಗೊತ್ತಿರುತ್ತದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕಲ್ ಲೂಕಾ 2011ರಲ್ಲಿ ಸಿಯಾಟಲ್ ನಗರದ ಹೋಟೆಲುಗಳ ಲೆಕ್ಕ ಹಿಡಿದು ಇದನ್ನೇ ತೋರಿಸಿದರು. ಗಿರಾಕಿಗಳು ಅಭಿಪ್ರಾಯ ಬರೆದು ನಕ್ಷತ್ರ ಕೊಡುವ ಯೆಲ್ಪ್ ತಾಣದಲ್ಲಿ ಒಂದು ನಕ್ಷತ್ರ ಜಾಸ್ತಿಯಾದರೆ ಹೋಟೆಲಿನ ವ್ಯಾಪಾರ ಶೇ. 5ರಿಂದ 9ರಷ್ಟು ಏರುತ್ತಿತ್ತು. ಈ ಏರಿಕೆ ಕಂಡದ್ದು ಸ್ವಂತ ಹೋಟೆಲುಗಳಲ್ಲಿ ಮಾತ್ರ. ಚೈನ್‌ಗಳ ವ್ಯಾಪಾರ ನಕ್ಷತ್ರದಿಂದ ಅಲುಗಾಡಲಿಲ್ಲ.

ಅಂದರೆ ಸಣ್ಣ ಹೋಟೆಲಿನ ಮಟ್ಟಿಗೆ ಅಭಿಪ್ರಾಯಗಳು ಬೇಕು, ಸುಮ್ನೆ ಸರಾಸರಿ ನೋಡಿ ತೀರ್ಮಾನ ಮಾಡಬಾರದು. ಬಡಾವಣೆಯ ಹೋಟೆಲಿಗೆ ಮೂವತ್ತೋ ನಲವತ್ತೋ ಅಭಿಪ್ರಾಯ ಇರುತ್ತವೆ. ಅಷ್ಟರಲ್ಲಿ ಸಿಟ್ಟಿನಲ್ಲಿ ಬರೆದ ನಾಲ್ಕು ಸೇರಿದರೆ ನಕ್ಷತ್ರ ಬಿದ್ದೇ ಹೋಗುತ್ತದೆ. ನಾನು ಓದುವುದು ಕಳೆದ ಮೂರು ತಿಂಗಳದ್ದನ್ನು ಮಾತ್ರ, ಯಾಕೆಂದರೆ ಅಡುಗೆಯವರು ಬದಲಾದರೆ ಹೋಟೆಲೇ ಬದಲಾದ ಹಾಗೆ. ಎಲ್ಲರೂ ಒಂದೇ ತಪ್ಪನ್ನು ಹೇಳಿದ್ದರೆ ನಂಬುತ್ತೇನೆ. ಒಬ್ಬರು "ತಡ", ಇನ್ನೊಬ್ಬರು "ಉಪ್ಪು", ಮತ್ತೊಬ್ಬರು "ಪಾರ್ಕಿಂಗ್" ಅಂದಿದ್ದರೆ ತಲೆ ಕೆಡಿಸಿಕೊಳ್ಳುವುದಿಲ್ಲ. ಗಿರಾಕಿಗಳೇ ಹಾಕಿದ ಫೋಟೋ ನೋಡಿ. ಆರು ತಿಂಗಳ ಹಿಂದಿನ ತಟ್ಟೆಯೂ ಕಳೆದ ವಾರದ ತಟ್ಟೆಯೂ ಒಂದೇ ತರ ಇದ್ದರೆ ಅದೇ ಒಳ್ಳೆಯ ಸರ್ಟಿಫಿಕೇಟ್.

ಬಫೆ ಅಥವಾ ಮೆನು ನೋಡಿ ಹೇಳುವುದು

ಹತ್ತು ಹನ್ನೆರಡು ಜನ, ಒಬ್ಬೊಬ್ಬರದು ಒಂದೊಂದು ರುಚಿ, ಹಸಿದ ಹುಡುಗರು ಜೊತೆಗೆ. ಇಂಥ ಗುಂಪಿಗೆ ಬಫೆ ಸರಿ. ಇಬ್ಬರು ಮೂವರಿಗೆ ಬಫೆ ಬೇಡ ಅನ್ನುತ್ತೇನೆ. ಕೊಟ್ಟ ದುಡ್ಡು ವಸೂಲಾಗಲಿ ಅಂತ ಜಾಸ್ತಿ ತಿಂದು, ಮನೆಗೆ ಬಂದು ಹೊಟ್ಟೆ ಭಾರ ಅಂತ ಒದ್ದಾಡುತ್ತೇವೆ. ಎದ್ದು ಎದ್ದು ಹೋಗುವುದರಲ್ಲಿ ಎದುರು ಬದುರು ಕೂತು ಮಾತಾಡುವುದಕ್ಕೂ ಆಗುವುದಿಲ್ಲ.

ಹೋಗುವುದೇ ಆದರೆ ಬಫೆ ಶುರುವಾಗುವ ಹೊತ್ತಿಗೆ ಹೋಗಿ. ಮಾಡಿದ ಅಡುಗೆಯನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿಯಲ್ಲಿಡಬೇಕು, ತಣ್ಣಗಿರಬೇಕಾದ್ದನ್ನು 5 ಡಿಗ್ರಿಗಿಂತ ಕೆಳಗಿಡಬೇಕು, ಎರಡರ ನಡುವೆ 2 ಗಂಟೆಗಿಂತ ಜಾಸ್ತಿ ಹೊತ್ತು ಹೊರಗೆ ಬಿಡಬಾರದು. ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಥರ್ಮಾಮೀಟರ್ ಹಿಡಿದು ಹೋಗಲಾಗುವುದಿಲ್ಲ, ಆದರೆ ಕಣ್ಣಿಗೇ ಗೊತ್ತಾಗುತ್ತದೆ. ಮುಚ್ಚಳ ತೆಗೆದಾಗ ಹಬೆ ಏಳಬೇಕು. ತಣ್ಣನೆಯ ಐಟಂ ಕೆಳಗೆ ಐಸ್ ಇರಬೇಕು. ಟ್ರೇ ಖಾಲಿಯಾದಾಗ ಏನು ಮಾಡುತ್ತಾರೆ ಅಂತಲೂ ಗಮನಿಸಿ. ಹಳೆಯದನ್ನು ಒಳಗೆ ಒಯ್ದು ಬೇರೆ ಟ್ರೇ ತಂದಿಟ್ಟರೆ ಸರಿ. ತಳದಲ್ಲಿ ಉಳಿದದ್ದರ ಮೇಲೆಯೇ ಹೊಸದನ್ನು ಸುರಿದರೆ, ತಳದ್ದು ಬೆಳಗ್ಗಿನಿಂದ ಅಲ್ಲೇ ಇರಬಹುದು. ನಾನಾದರೆ ಆ ಐಟಂ ಮುಟ್ಟುವುದಿಲ್ಲ.

ಗದ್ದಲ: ಯಾರೂ ಹೋಲಿಸದ ಆದರೆ ಹೋಲಿಸಲೇಬೇಕಾದ ವಿಷಯ

ಅಪ್ಪನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಗೆ ಮೆಷಿನ್. ಎರಡು ವರ್ಷದ ಹಿಂದೆ ಅವರ ಹುಟ್ಟುಹಬ್ಬಕ್ಕೆ ಹೊಸದಾಗಿ ತೆರೆದಿದ್ದ ದೊಡ್ಡ ಹೋಟೆಲೊಂದಕ್ಕೆ ಹೋದೆವು. ಎತ್ತರದ ಛಾವಣಿ, ಮೂರು ಕಡೆ ಗಾಜು, ನುಣುಪು ನೆಲ. ನೋಡಲು ಬಹಳ ಚೆಂದ. ಟೇಬಲ್ ಸಿಕ್ಕಿದ್ದು ಹಾಲ್‌ನ ನಟ್ಟನಡುವೆ. ಅಪ್ಪ ಮೊದಲು ಮೊಮ್ಮಗಳ ಕಡೆ ಬಲಗಿವಿ ತಿರುಗಿಸಿ ಕೂತರು. ಆಮೇಲೆ ಅವಳ ತುಟಿ ನೋಡತೊಡಗಿದರು. ಸ್ವಲ್ಪ ಹೊತ್ತಿಗೆ ಕಿವಿಯ ಮೆಷಿನ್ ತೆಗೆದು, ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ಮುಗುಳ್ನಗುತ್ತಾ ಊಟ ಮಾಡಿದರು. ಯಾರ ಹುಟ್ಟುಹಬ್ಬವೋ ಅವರೇ ಆ ಟೇಬಲ್‌ನಿಂದ ಹೊರಗೆ ಉಳಿದರು. ಊಟ ನಿಜಕ್ಕೂ ಚೆನ್ನಾಗಿತ್ತು. ಆದರೆ ಅದರ ರುಚಿ ನನಗೆ ನೆನಪಿಲ್ಲ.

ಆವತ್ತಿನಿಂದ ನಾನು ಹೋಟೆಲ್ ಆರಿಸುವಾಗ ಗದ್ದಲವನ್ನು ರುಚಿಯ ಪಕ್ಕದಲ್ಲೇ ಇಡುತ್ತೇನೆ. ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬಲ್. ತುಂಬಿದ ಹೋಟೆಲಿನಲ್ಲಿ ಅದು 80ಕ್ಕೂ ಮುಟ್ಟುತ್ತದೆ. ಸುತ್ತ ಸದ್ದು ಏರಿದ ಹಾಗೆ ನಾವೂ ನಮಗೆ ತಿಳಿಯದೆಯೇ ದನಿ ಏರಿಸುತ್ತೇವೆ, ಪಕ್ಕದ ಟೇಬಲ್‌ನವರು ಇನ್ನೂ ಏರಿಸುತ್ತಾರೆ. ಫ್ರಾನ್ಸಿನ ಕಿವಿ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲೇ ಇದರ ಬಗ್ಗೆ ಬರೆದಿದ್ದರು. ಇವತ್ತಿಗೂ ಇದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಗಾಜು, ಕಲ್ಲಿನ ನೆಲ, ಬೋಳು ಛಾವಣಿ ಸದ್ದನ್ನು ಹೀರುವುದಿಲ್ಲ, ಮತ್ತೆ ಹಾಲ್‌ಗೇ ಎಸೆಯುತ್ತವೆ. ಪರದೆ, ಮೆತ್ತೆಯ ಕುರ್ಚಿ, ಮೇಜಿನ ಬಟ್ಟೆ ಹೀರುತ್ತವೆ. ಹಾಗಾಗಿ ಫೋಟೋ ನೋಡಿಯೇ ಯಾವ ಹೋಟೆಲಿನಲ್ಲಿ ಕೂತು ಮಾತಾಡಬಹುದು ಅಂತ ಊಹೆ ಮಾಡಬಹುದು. ಹಳೆಯ ಕಾಲದ, ಸ್ವಲ್ಪ ಮಂಕಾಗಿ ಕಾಣುವ ಹೋಟೆಲೇ ಇದರಲ್ಲಿ ಎಷ್ಟೋ ಸಲ ಗೆಲ್ಲುತ್ತದೆ.

ಕಿವಿ ಮಂದ ಇರುವವರನ್ನು ಮೂಲೆಯ ಟೇಬಲ್‌ನಲ್ಲಿ, ಬೆನ್ನಿಗೆ ಗೋಡೆ ಬರುವ ಹಾಗೆ ಕೂರಿಸಿ. ಹಿಂದಿನಿಂದ ಬರುವ ಸದ್ದು ತಪ್ಪುತ್ತದೆ, ಎಲ್ಲರ ಮುಖ ಎದುರಿಗೆ ಕಾಣುತ್ತದೆ. ಫೋನ್ ಮಾಡಿ ಟೇಬಲ್ ಹೇಳುವಾಗಲೇ "ಮೂಲೆಯದು ಬೇಕು, ಸ್ಪೀಕರ್ ಕೆಳಗೆ ಬೇಡ" ಅಂತ ಹೇಳಿಬಿಡಿ. ಇಷ್ಟು ಕೇಳಲು ಸಂಕೋಚ ಬೇಡ.

ಕೂತು ಉಣ್ಣುವುದು, ಪಾರ್ಸೆಲ್, ಮನೆಗೆ ತರಿಸುವುದು

ಮೂರಕ್ಕೂ ಅದರದರ ದಿನ ಇದೆ. ಆದರೆ ಎಲ್ಲ ಅಡುಗೆಯೂ ಮೂರಕ್ಕೂ ಒಗ್ಗುವುದಿಲ್ಲ. ಕರಿದದ್ದು, ಗರಿಗರಿಯಾಗಿ ಸುಟ್ಟದ್ದು ಡಬ್ಬಿಗೆ ಹಾಕಿ ಮುಚ್ಚಿದರೆ ಅದರ ಹಬೆಯೇ ಮುಚ್ಚಳಕ್ಕೆ ತಾಗಿ, ನೀರಾಗಿ ಕೆಳಗಿಳಿದು ಮೆತ್ತಗೆ ಮಾಡುತ್ತದೆ. ಹೋಟೆಲಿನವರ ತಪ್ಪಿಲ್ಲ, ಹಬೆಯ ಗುಣವೇ ಹಾಗೆ. ಇಪ್ಪತ್ತು ನಿಮಿಷ ದಾರಿ ಇದ್ದರೆ ಅಂಥವನ್ನು ಅಲ್ಲೇ ಕೂತು ತಿನ್ನಿ. ಸಾರಿನಂಥ, ಗೊಜ್ಜಿನಂಥ, ನಿಧಾನವಾಗಿ ಬೇಯಿಸಿದ ಅಡುಗೆಗಳು ಪ್ರಯಾಣ ತಡೆಯುತ್ತವೆ, ಮನೆಯಲ್ಲಿ ಮತ್ತೆ ಬಿಸಿ ಮಾಡಿದರೂ ರುಚಿ ಕೆಡುವುದಿಲ್ಲ.

ಪಾರ್ಸೆಲ್‌ಗೂ ಆ್ಯಪ್‌ನಲ್ಲಿ ತರಿಸುವುದಕ್ಕೂ ಇರುವ ವ್ಯತ್ಯಾಸ ನಮಗಿಂತ ಹೋಟೆಲಿನವರಿಗೆ ದೊಡ್ಡದು. ಹೋಟೆಲ್ ಉದ್ಯಮದ ರೂಢಿಯ ಲೆಕ್ಕದಲ್ಲಿ ಬಿಲ್ಲಿನ ಸುಮಾರು ಮೂರನೇ ಒಂದು ಪಾಲು ಸಾಮಾನಿಗೆ ಹೋಗುತ್ತದೆ, ಹೆಚ್ಚುಕಮ್ಮಿ ಅಷ್ಟೇ ಸಂಬಳಕ್ಕೆ. ಉಳಿದದ್ದರಲ್ಲಿ ಬಾಡಿಗೆ, ಕರೆಂಟು, ಗ್ಯಾಸ್, ರಿಪೇರಿ. ಎಲ್ಲ ಕಳೆದು ಕೈಯಲ್ಲಿ ಉಳಿಯುವುದು ಸ್ವಲ್ಪವೇ. ಆ್ಯಪ್‌ಗಳು ಎಷ್ಟೋ ಕಡೆ ಶೇ. 15ರಿಂದ 30ರಷ್ಟು ಕಮಿಷನ್ ತೆಗೆದುಕೊಳ್ಳುತ್ತವೆ. ಆ ದುಡ್ಡು ಎಲ್ಲಿಂದ ಬರಬೇಕು ಹೇಳಿ. ಹೋಟೆಲಿನವರು ಆ್ಯಪ್‌ನಲ್ಲಿ ಬೆಲೆ ಏರಿಸುತ್ತಾರೆ, ಇಲ್ಲವೇ ತಾವೇ ನುಂಗಿಕೊಳ್ಳುತ್ತಾರೆ. ಹಾಗಾಗಿ ಹತ್ತಿರದ ಹೋಟೆಲಾದರೆ ನಾನು ಫೋನ್‌ನಲ್ಲಿ ಹೇಳಿ, ನಾನೇ ಹೋಗಿ ತರುತ್ತೇನೆ. ಬಿಲ್ಲು ಎಷ್ಟೋ ಸಲ ಕಮ್ಮಿ ಬರುತ್ತದೆ, ಊಟ ಬಿಸಿಯಾಗಿರುತ್ತದೆ. ಜ್ವರ ಬಂದ ದಿನ, ಮಳೆ ಸುರಿಯುವ ರಾತ್ರಿ, ಮನೆ ಬಿಟ್ಟು ಹೊರಡಲಾಗದವರಿಗೆ ಆ್ಯಪ್ ದೊಡ್ಡ ಉಪಕಾರ. ಅದರಲ್ಲಿ ಎರಡು ಮಾತಿಲ್ಲ.

ಅಲರ್ಜಿ ಇದ್ದರೆ

ಇಲ್ಲಿ ಮಾತ್ರ ಹತ್ತನೇ ಸಲದ ಲೆಕ್ಕ ಬಿಡಿ, ಮೊದಲನೇ ಸಲವೇ ಎಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2014ರ ಡಿಸೆಂಬರ್‌ನಿಂದ ಹೋಟೆಲುಗಳು 14 ಬಗೆಯ ಅಲರ್ಜಿ ಪದಾರ್ಥಗಳ ಮಾಹಿತಿಯನ್ನು ಗಿರಾಕಿಗೆ ಕೊಡಲೇಬೇಕು. ಶೇಂಗಾ, ಹಾಲು, ಮೊಟ್ಟೆ, ಎಳ್ಳು, ಸಾಸಿವೆ ಎಲ್ಲ ಅದರಲ್ಲಿವೆ. ಇಂಥ ನಿಯಮ ಇಲ್ಲದ ಕಡೆ ನೀವೇ ಕೇಳಬೇಕು. "ಇದರಲ್ಲಿ ಶೇಂಗಾ ಇದೆಯಾ" ಅಂತ ಮಾತ್ರ ಕೇಳಿದರೆ ಸಾಲದು. "ಕರಿಯುವ ಎಣ್ಣೆ ಯಾವುದು, ಅದೇ ಬಾಣಲೆಯಲ್ಲಿ ಬೇರೆ ಏನು ಕರಿಯುತ್ತೀರಿ" ಅಂತಲೂ ಕೇಳಿ. ಕೇಳಿದ ಮೇಲೆ ಸಪ್ಲೈಯರ್ ಒಳಗೆ ಹೋಗಿ ಅಡುಗೆಯವರನ್ನು ವಿಚಾರಿಸಿ ಬಂದರೆ ಆ ಹೋಟೆಲ್ ಲೆಕ್ಕಕ್ಕುಂಟು. ನಿಂತಲ್ಲೇ "ಏನೂ ಆಗಲ್ಲ" ಅಂದರೆ ಎದ್ದು ಬನ್ನಿ. ಈ ಒಂದು ವಿಷಯದಲ್ಲಿ ಪಟ್ಟಿ ಬರೆದಿಟ್ಟ ಚೈನ್ ಹೋಟೆಲೇ ಎಷ್ಟೋ ಸಲ ಮೇಲು.

ನಗರದೊಳಗೆ ಹೋಗುವುದಾ, ಇಲ್ಲೇ ಉಣ್ಣುವುದಾ

ವರ್ಷಕ್ಕೆ ಎರಡು ಮೂರು ಸಲ, ವಿಶೇಷ ದಿನಗಳಿಗೆ ನಗರಕ್ಕೆ ಹೋಗಿ. ಅಲ್ಲಿ ಸಿಗುವ ಬಗೆ ಇಲ್ಲಿ ಸಿಗುವುದಿಲ್ಲ. ಆದರೆ ವಾರದ ನಡುವಿನ ಸಂಜೆ ಒಂದು ಗಂಟೆ ಟ್ರಾಫಿಕ್‌ನಲ್ಲಿ ಕೂತು, ಪಾರ್ಕಿಂಗ್ ಹುಡುಕಿ, ವಾಪಸ್ ಬರುವಾಗ ಮಕ್ಕಳು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿ, ಅವರನ್ನು ಹೊತ್ತು ಮೆಟ್ಟಿಲು ಹತ್ತುವುದನ್ನು ಊಟದ ಖರ್ಚಿಗೆ ಸೇರಿಸಿ ನೋಡಿ.

ಹತ್ತಿರದ ಸಣ್ಣ ಹೋಟೆಲಿಗೆ ಹೊರಡುವುದಾದರೆ ದಿನ, ಹೊತ್ತು ನೋಡಿಕೊಳ್ಳಿ. ಶನಿವಾರ ರಾತ್ರಿ ಎಂಟೂವರೆಗೆ ಹೋಗಿ, ತಡವಾಯಿತು ಅಂತ ಆ ಹೋಟೆಲನ್ನೇ ಕೈಬಿಡುವವರು ಬಹಳ ಜನ. ಒಳಗೆ ಇರುವುದು ಅದೇ ಇಬ್ಬರು ಅಡುಗೆಯವರು, ಅದೇ ನಾಲ್ಕು ಒಲೆ. ಮೊದಲ ಸಲ ಹೋಗುವವರು ವಾರದ ನಡುವೆ, ಏಳು ಗಂಟೆಯ ಒಳಗೆ ಹೋಗಿ. ಅಡುಗೆಯವರಿಗೆ ನಿಮ್ಮ ತಟ್ಟೆ ಕಡೆ ಗಮನ ಕೊಡಲು ಪುರುಸೊತ್ತು ಇರುತ್ತದೆ. ಇಷ್ಟವಾಗದಿದ್ದರೆ ಏನು ಇಷ್ಟವಾಗಲಿಲ್ಲ ಅಂತ ಗಲ್ಲಾದ ಹತ್ತಿರ ನಿಂತು ಮೆತ್ತಗೆ ಹೇಳಿ. ಮುಂದಿನ ಸಲ ಹೋದಾಗ ಅದು ಸರಿಯಾಗಿದೆಯಾ ನೋಡಿ. ಸರಿಯಾಗಿದ್ದರೆ ಮೂರನೇ ಸಲಕ್ಕೆ ಹೋಗುವ ಹೋಟೆಲ್ ಸಿಕ್ಕಿತು.

ನಮ್ಮ ಮನೆಯಲ್ಲಿ ಈಗ ಹೀಗೆ ನಡೆಯುತ್ತಿದೆ: ದೂರದ ಪ್ರಯಾಣ ಮುಗಿಸಿ ಬಂದ ರಾತ್ರಿ ಚೈನ್, ನೆಂಟರ ಗುಂಪಿಗೆ ಬಫೆ, ಮಳೆಗೆ ಪಾರ್ಸೆಲ್. ಅಪ್ಪ ಜೊತೆಗೆ ಬರುವ ದಿನ ಬಿಳಿ ಟೇಪ್‌ನ ಮೆನು ಇರುವ ಹೋಟೆಲ್, ಕಿಟಕಿ ಪಕ್ಕದ ಮೂಲೆ. ಹೋಗುವ ಮೊದಲು ಫೋನ್ ಮಾಡಿದರೆ ಗಲ್ಲಾದ ಅಮ್ಮ ಕೇಳುವುದು ಒಂದೇ ಮಾತು: "ತಾತನೂ ಬರ್ತಾರಾ?" ಹೌದು ಅಂದರೆ ನಾವು ಹೋಗುವಷ್ಟರಲ್ಲಿ ಆ ಮೂಲೆಯ ಫ್ಯಾನ್ ಆಫ್ ಆಗಿರುತ್ತದೆ, ಅದರ ಗರಗರ ಸದ್ದು ಅಪ್ಪನ ಮೆಷಿನ್‌ಗೆ ಆಗಿಬರುವುದಿಲ್ಲ ಅಂತ.